ಬೆಳ್ಳಕ್ಕಿಗೆ ಬಿಳಿ ಎಲ್ಲಿಂದ ಬಂತು

ನನ್ನ ಕೆಲಸದ ಕೋಣೆಯಲ್ಲಿ ಸದ್ಯಕ್ಕೆ ಮೂರು ಬೆಳ್ಳಕ್ಕಿಗಳಿವೆ. ಒಂದು ಜಲವರ್ಣದ ಕಾಗದದಲ್ಲಿ, ಒಂದು ಮರದ ಅಚ್ಚಿನಲ್ಲಿ, ಇನ್ನೊಂದು ಆಡಿನ ತೊಗಲಿನಲ್ಲಿ. ನಾಲ್ಕನೆಯದು ಕುಮಟೆಯ ಬಳಿಯ ನಮ್ಮ ಹಳೆಯ ಮನೆಯ ಜಗಲಿಯ ಗೋಡೆಯಲ್ಲಿದೆ. ಅದನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಐದನೆಯದನ್ನು ನೇಯಿಸಬೇಕೆಂದು ಒಂದು ವರ್ಷದಿಂದ ಓಡಾಡುತ್ತಿದ್ದೇನೆ. ಎಲ್ಲದರಲ್ಲಿಯೂ ಇರುವುದು ಒಂದೇ ಹಕ್ಕಿ, ಹೆಚ್ಚುಕಡಿಮೆ ಒಂದೇ ನಿಲುವು: ಮೊಣಕಾಲುದ್ದದ ನೀರಿನಲ್ಲಿ ನಿಂತು, ಕುತ್ತಿಗೆಯನ್ನು ಮಡಿಸಿಕೊಂಡು, ಮೀನಿಗಾಗಿ ಕಾಯುತ್ತಿರುವ ಬೆಳ್ಳಕ್ಕಿ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯ ಬದಿಯಲ್ಲಿ ಇವುಗಳನ್ನು ಹರಡಿಕೊಂಡು ಕೂತಿದ್ದಾಗ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಎಲ್ಲಾ ಅದೇ ಹಕ್ಕಿ ಅಲ್ವೇನಪ್ಪಾ, ಬೇರೆ ಏನೂ ಬರೆಯೋಕೆ ಬರೋದಿಲ್ವಾ?" ಎಂದು ನಿಜವಾದ ಕನಿಕರದಿಂದ ಕೇಳಿದರು. "ಹಕ್ಕಿ ಒಂದೇ ಸಾರ್, ಬಿಳಿ ಮಾತ್ರ ಬೇರೆ ಬೇರೆ" ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಭಾವಿಸಿ ಅವರು ನಕ್ಕು, ಪಕ್ಕದವರ ಮೈಸೂರು ಶೈಲಿಯ ಗಣಪತಿಯ ಕಡೆಗೆ ನಡೆದರು. ಅಂದು ಆ ಗದ್ದಲದಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯಲು ಕೂತಿದ್ದೇನೆ.

ಹಲವು ಮಾಧ್ಯಮಗಳಲ್ಲಿ ಕೆಲಸ ಮಾಡುವವರನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳಿವೆ. ಒಂದು ಹೊಗಳಿಕೆ: ಅವರಿಗೆ ಬಾರದ ವಿದ್ಯೆಯಿಲ್ಲ. ಇನ್ನೊಂದು ತೆಗಳಿಕೆ: ಯಾವುದರಲ್ಲಿಯೂ ನಿಂತು ಪಳಗಲಿಲ್ಲ. ನನ್ನ ಅನುಭವದಲ್ಲಿ ಎರಡೂ ವಿಷಯವನ್ನು ಮುಟ್ಟುವುದಿಲ್ಲ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋದಾಗ ಕಲಿತ ಕೈಚಳಕದ ಬಹುಪಾಲು ಹಿಂದೆಯೇ ಉಳಿಯುತ್ತದೆ. ಹೊಸ ಜಾಗದಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಬಹಳ ಸಣ್ಣ ಪ್ರಶ್ನೆ: ಇಲ್ಲಿ ಬಿಳಿ ಎಲ್ಲಿಂದ ಬರುತ್ತದೆ? ಅದಕ್ಕೆ ಉತ್ತರ ಸಿಕ್ಕರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಕೊನೆಗೆ ಬಿಡಬೇಕು, ಯಾವ ತಪ್ಪಿಗೆ ಪರಿಹಾರವಿದೆ, ಯಾವುದಕ್ಕಿಲ್ಲ ಎಂಬುದೆಲ್ಲ ಒಂದೊಂದಾಗಿ ತಿಳಿಯುತ್ತ ಬರುತ್ತದೆ. ಬೆಳ್ಳಕ್ಕಿಯನ್ನು ನಾನು ಆರಿಸಿಕೊಂಡದ್ದು ಈ ಕಾರಣಕ್ಕಲ್ಲ. ನಮ್ಮೂರಿನಲ್ಲಿ ಅದು ಕಾಗೆಯಷ್ಟೇ ಸಾಮಾನ್ಯವಾಗಿತ್ತು, ಅಷ್ಟೇ. ಆದರೆ ಮೈಯೆಲ್ಲ ಬಿಳಿಯಿರುವ ಹಕ್ಕಿಯನ್ನು ಬರೆಯಹೊರಟವನಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ನಮ್ಮ ಕಡೆ ಅಘನಾಶಿನಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಅಳಿವೆಯ ಅಂಚಿನಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿವೆ; ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ನೀರಿನಲ್ಲಿ ಮೀನು, ಸಿಗಡಿ. ಬೆಳ್ಳಕ್ಕಿಗಳಿಗೆ ಅದು ಸದಾ ತೆರೆದ ಊಟದ ಮನೆ. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಅರಿಸಿನದಲ್ಲಿ ಅದ್ದಿದಂತೆ ಹಳದಿ. ಕೆಸರಿನಿಂದ ಕಾಲೆತ್ತಿದಾಗ ಒಂದು ಕ್ಷಣ ಆ ಹಳದಿ ಮಿಂಚಿ ಮತ್ತೆ ಮುಳುಗುತ್ತದೆ. ಕಲಾಶಾಲೆಯಿಂದ ರಜೆಗೆಂದು ಊರಿಗೆ ಬಂದಾಗ ನಾನು ಗದ್ದೆಯ ಏರಿಯ ಮೇಲೆ ಕೂತು ಮೊದಲ ಬೆಳ್ಳಕ್ಕಿಯನ್ನು ಬರೆದದ್ದು ಜಲವರ್ಣದಲ್ಲಿ.

ಜಲವರ್ಣದಲ್ಲಿ ಬಿಳಿ ಎಂದರೆ ಕಾಗದ. ಬೆಳ್ಳಕ್ಕಿಯನ್ನು ಅಲ್ಲಿ ಯಾರೂ ಬರೆಯುವುದಿಲ್ಲ. ಸುತ್ತಲಿನ ನೀರು, ಕೆಸರು, ಹುಲ್ಲು ಇವನ್ನು ಬರೆದು ಹಕ್ಕಿಯಿರಬೇಕಾದ ಜಾಗವನ್ನು ಹಾಗೆಯೇ ಬಿಡುತ್ತೇವೆ. ಅಂದರೆ ಹಕ್ಕಿ ಎಲ್ಲಿದೆ ಎಂಬುದು ಕುಂಚವನ್ನು ಒದ್ದೆ ಮಾಡುವ ಮೊದಲೇ ತೀರ್ಮಾನವಾಗಿರಬೇಕು. ಅಂದು ನನಗದು ಗೊತ್ತಿರಲಿಲ್ಲ. ನೀರಿನ ಬಣ್ಣವನ್ನು ಉತ್ಸಾಹದಿಂದ ಹರಡಿ, ಹಕ್ಕಿಯ ಬೆನ್ನನ್ನು ನುಂಗಿಸಿ, ಆಮೇಲೆ ಬಿಳಿಯ ಪೋಸ್ಟರ್ ಬಣ್ಣದಿಂದ ಅದನ್ನು ಬದುಕಿಸಲು ಹೊರಟೆ. ಒಣಗಿದ ಮೇಲೆ ಅದು ಬೆಳ್ಳಕ್ಕಿಯಂತೆ ಕಾಣದೆ ಗೋಡೆಗೆ ಹಚ್ಚಿದ ಡಿಸ್ಟೆಂಪರಿನಂತೆ ಕಂಡಿತು. ನಮ್ಮ ಮೇಷ್ಟ್ರು ಅದನ್ನು ನೋಡಿ, "ಹಕ್ಕೀನ ಕೊಂದು ಆಮೇಲೆ ಬಿಳಿ ಬಟ್ಟೆ ಹೊದಿಸಿದ್ದೀಯಲ್ಲೋ" ಎಂದರು. ಮಾತು ಕಟುವಾಗಿತ್ತು, ಸುಳ್ಳಾಗಿರಲಿಲ್ಲ.

ಆ ದಿನಗಳಲ್ಲಿಯೇ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಹೋಗುವ ಅಭ್ಯಾಸ ಹತ್ತಿತು. ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು ನಾಡಿಗೆ ಮರಳಿದವರು. ಊಟಿಯ ಬೆಟ್ಟಗಳನ್ನು, ಅಲ್ಲಿನ ಮಂಜನ್ನು ಬರೆದ ಅವರ ಜಲವರ್ಣಗಳ ಮುಂದೆ ನಿಂತರೆ ಕಾಗದವನ್ನು ಬಿಡುವುದು ಎಂದರೇನು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾತ್ರ ಅವರ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಬ್ಬುಶಿಲ್ಪಗಳು. ಅಲ್ಲಿ ಎಲ್ಲವೂ ಬಿಳಿಯೇ. ಬಿಡುವುದಕ್ಕೂ ತುಂಬುವುದಕ್ಕೂ ಬೇರೆ ಬಣ್ಣವೇ ಇಲ್ಲ. ಉಬ್ಬಿದ ಅಂಚಿನಿಂದ ತಗ್ಗಿಗೆ ಬೀಳುವ ನೆರಳೇ ರೇಖೆ. ಕಿಟಕಿಯ ಬೆಳಕು ಬದಲಾದರೆ ಚಿತ್ರವೂ ಬದಲಾಗುತ್ತದೆ. ಮಂಜನ್ನು ತೆಳುವಾದ ನೀಲಿಯ ಒಂದೊಂದೇ ಪದರದಲ್ಲಿ ಕಟ್ಟುತ್ತಿದ್ದ ಮನುಷ್ಯ ಬಣ್ಣವನ್ನು ಪೂರ್ತಿ ತೊರೆದು ನೆರಳಿನಿಂದಲೇ ಕೆಲಸ ಮಾಡಿದ್ದು ಅಂದು ನನಗೆ ವಿಚಿತ್ರವೆನಿಸಿತ್ತು. ಇಂದು ಅದೇ ಹಠ ಎರಡು ದಾರಿ ಹಿಡಿದಂತೆ ಕಾಣುತ್ತದೆ: ಬೆಳಕಿಗೆ ಬಣ್ಣ ಬಳಿಯಬಾರದೆಂಬ ಹಠ. ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಆ ಗೀಳು ಎಷ್ಟಿತ್ತೆಂದರೆ ಅವರ ಚಿತ್ರಗಳಲ್ಲಿಯೇ ಅದಕ್ಕೆ ಜಾಗ ಸಿಕ್ಕಿದೆ. ಆಗಿನ ಎಷ್ಟೋ ಜನರಿಗೆ ಅದು ಚಿತ್ರಕಲೆಗೆ ಬಗೆದ ದ್ರೋಹದಂತೆ ಕಂಡಿರಬಹುದು. ಇರಲಿ, ವೀಣೆಯಲ್ಲಿ ಬಿಳಿ ಯಾವುದು ಎಂದು ಹೇಳುವ ಅರ್ಹತೆ ನನಗಿಲ್ಲ.

ಇನ್ನು ಗೋಡೆಯ ಮಾತು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಗೋವೆಯಿಂದ ಹಿಡಿದು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರೆಗಿನ ಕರಾವಳಿಯ ಹಳೆಯ ದೇವಸ್ಥಾನಗಳ, ಕೆಲವು ದೊಡ್ಡ ಮನೆಗಳ ಗೋಡೆಗಳಲ್ಲಿ ಕೆಂಪು ಮತ್ತು ಬಿಳಿ ಎರಡೇ ಬಣ್ಣದ ಚಿತ್ರಗಳಿರುತ್ತಿದ್ದವು. ಬಳ್ಳಿ, ಕಮಲ, ಜ್ಯಾಮಿತಿಯ ವೃತ್ತಗಳು, ದೇವತೆಗಳು, ಆನೆ, ಹುಲಿ. ಇದೇ ಕಾವಿಕಲೆ. ಚಿಕ್ಕಂದಿನಲ್ಲಿ ಅದು ಗೋಡೆಗೆ ಬಳಿದ ಬಣ್ಣವೆಂದೇ ನಂಬಿದ್ದೆ. ನಿಜಕ್ಕೂ ಅಲ್ಲಿ ಬಳಿಯುವುದು ಕಡಿಮೆ, ಕೆರೆಯುವುದು ಹೆಚ್ಚು. ಮೊದಲು ಚಿಪ್ಪಿಸುಣ್ಣದ ಗಾರೆ. ಕಡಲ ಚಿಪ್ಪುಗಳನ್ನು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಯಲು ಬಿಟ್ಟು, ಹದ ಬಂದ ಮೇಲೆ ಗೋಡೆಗೆ ಮೆತ್ತುತ್ತಾರೆ. ಅದು ಹಸಿಯಿರುವಾಗಲೇ ಅದರ ಮೇಲೆ ಕೆಮ್ಮಣ್ಣು ಬೆರೆಸಿದ ತೆಳುವಾದ ಇನ್ನೊಂದು ಪದರ. ಅದನ್ನು ತಿಕ್ಕಿ ನಯಗೊಳಿಸುತ್ತಾರೆ. ಆಮೇಲೆ ಮೊನಚಾದ ಕಂಟದಿಂದ ಕೆಂಪನ್ನು ಕೆರೆದರೆ ಕೆಳಗಿನ ಬಿಳಿ ಹೊರಬರುತ್ತದೆ. ಸುಣ್ಣ ಗಾಳಿಯನ್ನು ಕುಡಿಯುತ್ತ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಕೆಂಪೂ ಬಿಳಿಯೂ ಅದರೊಳಗೆ ಸೆರೆಯಾಗುತ್ತವೆ. ಹೊನ್ನಾವರದ ಕೃಷ್ಣಾನಂದ ಕಾಮತರು, ವಿಜ್ಞಾನಿ, ಲೇಖಕ, ಛಾಯಾಗ್ರಾಹಕ ಎಲ್ಲವೂ ಆಗಿದ್ದವರು, ಊರೂರು ತಿರುಗಿ ಈ ಗೋಡೆಗಳನ್ನು ದಾಖಲಿಸದೆ ಹೋಗಿದ್ದರೆ ನನ್ನಂಥವರಿಗೆ ಕೆಮ್ಮಣ್ಣಿನ ಹೆಸರೂ ನೆನಪಿರುತ್ತಿರಲಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗಳನ್ನು ಕೆಡವಿ ಗ್ರಾನೈಟ್ ಹಚ್ಚುವ ಹುಮ್ಮಸ್ಸಿನಲ್ಲಿ ಅವೆಷ್ಟೋ ಹೋದವು.

ನಾನು ಮೊದಲು ಮಾಡಿದ್ದು ಹಿಂದಿನ ತಪ್ಪಿನ ಅಣ್ಣನಂಥ ತಪ್ಪು. ನಮ್ಮ ಮನೆಯ ಹಿಂಬದಿಯಲ್ಲಿ ಹೊಸದಾಗಿ ಕಟ್ಟಿಸಿದ್ದ ಕೋಣೆಯ ಸಿಮೆಂಟ್ ಗೋಡೆಯ ಮೇಲೆ ಸುಣ್ಣದ ಗಾರೆ ಮೆತ್ತಿ ಬೆಳ್ಳಕ್ಕಿಯನ್ನು ಕೆರೆದೆ. ಕೆರೆದ ದಿನ ಚೆನ್ನಾಗಿಯೇ ಇತ್ತು. ಊರವರು ಬಂದು ನೋಡಿ ಹೋದರು. ಒಂದು ಮಳೆಗಾಲ ಕಳೆಯುವುದರೊಳಗೆ ಹಪ್ಪಳದಂತೆ ಎದ್ದು, ಮೊದಲು ಕೊಕ್ಕು, ಆಮೇಲೆ ಎದೆ, ಕೊನೆಗೆ ಇಡೀ ಹಕ್ಕಿ ನೆಲಕ್ಕೆ ಉದುರಿತು. ಎರಡನೆಯ ಸಲ ಜಗಲಿಯ ಚಿರೆಕಲ್ಲಿನ ಗೋಡೆಯನ್ನು ಆರಿಸಿಕೊಂಡೆ. ಹಳೆಯ ಸುಣ್ಣದ ಕೆಲಸ ಬಲ್ಲ ವಯಸ್ಸಾದ ಮೇಸ್ತ್ರಿಯೊಬ್ಬರು ಹದ ತೋರಿಸಲು ಒಪ್ಪಿದರು. ಗಾರೆಯನ್ನು ಕರಣೆಯ ತುದಿಯಲ್ಲಿ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಮೂಗಿನ ಹತ್ತಿರ ಹಿಡಿದು, "ಇನ್ನೂ ನಾಕು ದಿನ ಇರಲಿ" ಎಂದು ಎರಡು ಬಾರಿ ಮುಂದೂಡಿದರು. ಕೊನೆಗೊಂದು ದಿನ ಬೆಳಗಿನ ಜಾವದಲ್ಲಿಯೇ ಬಂದು ಎರಡೂ ಪದರ ಮೆತ್ತಿ ನಯಮಾಡಿ ಕೈತೊಳೆದರು. ನಾನು ಕಾಗದದ ನಕ್ಷೆಯನ್ನು ಹಿಡಿದು ಅದನ್ನು ಎಲ್ಲಿ ಕೂರಿಸಬೇಕೆಂದು ಅಳೆಯುತ್ತ ನಿಂತಿದ್ದೆ. ಅವರು ಜಗಲಿಯ ಕಟ್ಟೆಯ ಮೇಲೆ ಕೂತು ಕವಳ ಹಾಕುತ್ತ, "ತಮಾ, ಗೋಡೆ ಕಾಯೂದಿಲ್ಲ" ಎಂದರು.

ಗೋಡೆ ಕಾಯಲಿಲ್ಲ. ಕುತ್ತಿಗೆ, ಬೆನ್ನು, ರೆಕ್ಕೆಯ ಅಂಚು ಬೆಣ್ಣೆಯಂತೆ ಬಂದವು. ಮಧ್ಯಾಹ್ನ ಊಟಕ್ಕೆಂದು ಎದ್ದು ಬಂದು ಕಾಲುಗಳನ್ನು ಕೆರೆಯಲು ಕೂತಾಗ ಕೆಂಪು ಬಿಗಿದುಕೊಂಡಿತ್ತು. ಕಂಟ ಜಾರಿ ಎಡಗಾಲಿನ ಕೆಳಗೆ ಅಂಗುಲದಷ್ಟು ಚಕ್ಕೆ ಹಾರಿತು. ಅಲ್ಲಿ ಈಗ ಒಂದು ಬಿಳಿಯ ಮಚ್ಚೆಯಿದೆ. ನೋಡಿದವರು ಅದು ಮೀನು ಎಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗಿಲ್ಲ.

ಈ ಗೋಡೆಯ ಮುಂದೆ ನಿಂತಾಗ ನನಗೆ ಹೊಳೆದದ್ದು ಕಂಟದ ವಿಷಯ. ತಾಳೆಗರಿಯ ಮೇಲೆ ಬರೆಯುವ ಲೋಹದ ಕಡ್ಡಿಗೂ ನಾವು ಕಂಟವೆಂದೇ ಹೇಳುತ್ತೇವೆ. ಓಲೆಯ ಮೇಲೆ ಕಂಟದಿಂದ ಗೀರಿ, ಆಮೇಲೆ ದೀಪದ ಕಾಡಿಗೆಯನ್ನು ಒರೆಸಿದರೆ ಗೀರಿದ ಜಾಗ ಕಪ್ಪಾಗಿ ಅಕ್ಷರ ಎದ್ದು ಕಾಣುತ್ತದೆ. ಕಾವಿಯ ಗೋಡೆಯಲ್ಲಿ ಗೀರಿದ ಜಾಗ ಬಿಳಿ. ಕಡ್ಡಿಯೂ ಒಂದೇ, ಕೈಯ ಒತ್ತಡವೂ ಒಂದೇ, ಬರುವುದು ಮಾತ್ರ ಒಂದು ಕಡೆ ಇರುಳು, ಇನ್ನೊಂದು ಕಡೆ ಹಗಲು. ಪೆನ್ಸಿಲ್ಲಿನಲ್ಲಿ ಬೆಳೆದ ಕೈಗೆ ರೇಖೆಯೆಂದರೆ ಕಪ್ಪು ಎಂಬ ನಂಬಿಕೆ ಎಷ್ಟು ಆಳವಾಗಿರುತ್ತದೆಂದರೆ, ಬಿಳಿಯ ರೇಖೆಯಿಂದ ಯೋಚಿಸುವುದಕ್ಕೆ ನನಗೆ ಆ ಗೋಡೆಯ ಮುಂದೆ ಇಡೀ ಬೆಳಗು ಬೇಕಾಯಿತು.

ಮರದ ಅಚ್ಚಿಗೆ ಬಂದಾಗ ಆ ಬೆಳಗಿನ ಪಾಠವೇ ಕೈಹಿಡಿಯಿತು. ಹಲಗೆಯಲ್ಲಿ ಉಳಿಯಿಂದ ಕೆತ್ತಿ ತೆಗೆದ ಜಾಗಕ್ಕೆ ಶಾಯಿ ತಗಲುವುದಿಲ್ಲ, ಅಲ್ಲಿ ಕಾಗದ ಬೆಳ್ಳಗೇ ಉಳಿಯುತ್ತದೆ. ಕೆತ್ತದೆ ಬಿಟ್ಟದ್ದು ಕಪ್ಪಾಗುತ್ತದೆ. ಅಂದರೆ ಉಳಿ ಹೋದಲ್ಲೆಲ್ಲ ಬೆಳಕು, ಥೇಟು ಕಾವಿಯ ಕಂಟದಂತೆ. ಬೆಳ್ಳಕ್ಕಿಯ ಮೈಯನ್ನು ಕೆತ್ತುವುದು ಇದರಿಂದ ಸುಲಭವಾಯಿತು. ತೊಂದರೆ ಕೊಟ್ಟದ್ದು ಅದರ ಕಪ್ಪು ಕಾಲುಗಳು. ನೀರಿನ ಬೆಳಕಿನ ನಡುವೆ ಎರಡು ಕಪ್ಪು ಗೆರೆಗಳು ಬೇಕೆಂದರೆ ಸುತ್ತಲಿನ ಮರವನ್ನೆಲ್ಲ ಕೆತ್ತಿ, ಬೆಂಕಿಕಡ್ಡಿಯಷ್ಟು ತೆಳುವಾದ ಎರಡು ದಿಬ್ಬಗಳನ್ನು ನಿಲ್ಲಿಸಬೇಕು. ಮರದ ಎಳೆ ಅಡ್ಡಕ್ಕಿತ್ತು, ಕಾಲುಗಳು ಉದ್ದಕ್ಕೆ. ಎರಡನೆಯ ದಿನ ಬಲಗಾಲು ಮೊಣಕಾಲಿನ ಕೆಳಗೆ ಟಪ್ಪೆಂದು ಮುರಿಯಿತು. ಹಲಗೆಯನ್ನು ತಿರುಗಿಸಿಟ್ಟು, ಎಳೆ ಕಾಲಿನ ದಿಕ್ಕಿಗೇ ಸಾಗುವಂತೆ ಮಾಡಿ, ಮತ್ತೆ ಮೊದಲಿನಿಂದ ಶುರುಮಾಡಿದೆ. ಗೋಡೆಗೆ ಹೊತ್ತಿನ ಅವಸರವಿತ್ತು. ಮರಕ್ಕೆ ಅವಸರವಿಲ್ಲ, ಆದರೆ ಅದಕ್ಕೆ ತನ್ನದೇ ದಿಕ್ಕಿದೆ.

ಅಚ್ಚಿನಲ್ಲಿ ಚಿತ್ರ ಕನ್ನಡಿಯಂತೆ ತಿರುವುಮುರುವಾಗುತ್ತದೆ ಎಂಬುದು ಮೊದಲ ತರಗತಿಯಲ್ಲಿಯೇ ಹೇಳಿಕೊಡುವ ವಿಷಯ. ಗೊತ್ತಿದ್ದರೂ ಹಲಗೆಯ ಮೂಲೆಯಲ್ಲಿ ಊರಿನ ಹೆಸರನ್ನು ನೇರವಾಗಿ ಕೆತ್ತಿದೆ. ಮುದ್ರಣದಲ್ಲಿ ಅದು ಯಾವ ಲಿಪಿಯೂ ಅಲ್ಲದ್ದಾಯಿತು. ಆದರೆ ತಿರುವುಮುರುವಾದದ್ದರಿಂದ ಒಂದು ಲಾಭವಾಯಿತು. ಕುಮಟೆಯ ಗೋಡೆಯಲ್ಲಿ ಎಡಕ್ಕೆ, ಕಡಲಿನ ಕಡೆಗೆ ನೋಡುತ್ತಿದ್ದ ಹಕ್ಕಿ ಮುದ್ರಣದಲ್ಲಿ ಬಲಕ್ಕೆ ನೋಡಿತು. ಹದಿನೈದು ವರ್ಷ ಒಂದೇ ದಿಕ್ಕಿನಲ್ಲಿ ನೋಡುತ್ತಿದ್ದ ನನ್ನ ಹಕ್ಕಿಯ ಕುತ್ತಿಗೆಯ ತಿರುವು ಎಷ್ಟು ಸೋಮಾರಿಯಾಗಿತ್ತೆಂಬುದು ಆಗ ಕಣ್ಣಿಗೆ ಬಿತ್ತು. ಈಗ ಯಾವ ಚಿತ್ರವೇ ಆಗಲಿ, ಸಂಶಯ ಬಂದಾಗ ಕನ್ನಡಿಯ ಮುಂದೆ ಹಿಡಿದು ನೋಡುತ್ತೇನೆ.

ಹೊಟ್ಟೆಪಾಡಿಗೆ ನಾನು ಮಕ್ಕಳ ಪುಸ್ತಕಗಳಿಗೆ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆದುಕೊಡುತ್ತೇನೆ. ಅದನ್ನು ಹೇಳದೆ ಹೋದರೆ ಈ ಬರಹ ಅಪ್ರಾಮಾಣಿಕವಾದೀತು. ಅಲ್ಲಿ ಬಿಳಿ ಎಲ್ಲಿಂದ ಬೇಕಾದರೂ ಬರುತ್ತದೆ, ಯಾವಾಗ ಬೇಕಾದರೂ ಬರುತ್ತದೆ, ಬೇಡವೆಂದರೆ ಹೋಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಹಣವೂ ಬರುತ್ತದೆ. ಮೊದಲು ಏನು, ಕೊನೆಗೆ ಏನು ಎಂಬ ಕ್ರಮವನ್ನು ಆ ಪರದೆ ನನ್ನಿಂದ ಕೇಳುವುದೇ ಇಲ್ಲ. ಬಹುಶಃ ಅದಕ್ಕಾಗಿಯೇ ಅಲ್ಲಿ ಬರೆದ ನೂರಾರು ಹಕ್ಕಿಗಳಲ್ಲಿ ಒಂದರ ನಿಲುವೂ ನನಗೆ ನೆನಪಿಲ್ಲ.

ಬಿಡುವುದು, ಕೆರೆಯುವುದು, ಕೆತ್ತುವುದು ಇಷ್ಟರಲ್ಲಿಯೇ ಸುತ್ತುತ್ತಿದ್ದ ನನಗೆ ಬಿಳಿಯನ್ನು ಕೈಯಾರೆ ಇಡುವವರು ಸಿಕ್ಕಿದ್ದು ಸಾಗರದ ಕಡೆಯ ದೀವರ ಮನೆಗಳಲ್ಲಿ. ಹಸೆಗೋಡೆಯ ಚಿತ್ತಾರವನ್ನು ಬರೆಯುವವರು ಹೆಂಗಸರು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಯನ್ನು ನೆನೆಸಿ ಅರೆದ ಹಿಟ್ಟಿನಿಂದ ಬಿಳಿ, ಸೀಯುವವರೆಗೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಒಂದೇ ಅಕ್ಕಿ ಬಿಳಿಯೂ ಆಗುತ್ತದೆ, ಕಪ್ಪೂ ಆಗುತ್ತದೆ ಎಂಬುದನ್ನು ನಾನು ಯಾವ ವರ್ಣಸಿದ್ಧಾಂತದ ಪುಸ್ತಕದಲ್ಲಿಯೂ ಓದಿರಲಿಲ್ಲ. ಕುಂಚವೆಂದರೆ ಪುಂಡಿ ನಾರಿನ ಒಂದು ಸಣ್ಣ ಕಟ್ಟು. ಅದನ್ನು ಹಿಟ್ಟಿನಲ್ಲಿ ಅದ್ದಿ, ಗೋಡೆಯ ಮೇಲೆ ಮಲಗಿಸಿ, ಎಳೆಯುತ್ತ ಹೋಗುತ್ತಾರೆ. ಗೆರೆಯ ದಪ್ಪ ಮೊದಲಿನಿಂದ ಕೊನೆಯವರೆಗೆ ಒಂದೇ. ಹಸಿಯಿರುವಾಗ ಗೆರೆ ಸರಿಯಾಗಿ ಕಾಣುವುದೇ ಇಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಅಂದರೆ ಅವರು ಇನ್ನೂ ಕಾಣದ ಬಿಳಿಯನ್ನು ಬರೆಯುತ್ತಿರುತ್ತಾರೆ. ನಾನು "ಅಕ್ಕಾ, ತಪ್ಪಾದರೆ ಏನು ಮಾಡ್ತೀರಿ?" ಎಂದು ಕೇಳಿದಾಗ ಹಿರಿಯಾಕೆಯೊಬ್ಬರು, "ತಪ್ಪಾಗೂ ಹಾಗೆ ಬರೆಯೋದು ಎಂತಕ್ಕೆ?" ಎಂದು ತಿರುಗಿ ಕೇಳಿದರು. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಇವತ್ತಿಗೂ ತಿಳಿದಿಲ್ಲ.

ಅದೇ ಕೈ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತದೆ, ಭೂಮಿ ಹುಣ್ಣಿಮೆ ಬಂದರೆ ಗದ್ದೆಗೆ ಪೂಜೆಯ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತದೆ. ಬುಟ್ಟಿ ದುಂಡಗಿದೆ, ಗೋಡೆ ಚಪ್ಪಟೆಯಾಗಿದೆ ಎಂದು ಯಾರೂ ಎರಡಕ್ಕೆ ಬೇರೆ ಬೇರೆ ಹೆಸರಿಡಲಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರವನ್ನು ಕೊರೆಯುತ್ತಾರೆ, ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟದಿಂದ ಸಂದು ಮೆತ್ತುತ್ತಾರೆ, ಆಭರಣಗಳನ್ನು ಉಬ್ಬಿಸುತ್ತಾರೆ, ಬಣ್ಣ ಹಚ್ಚುತ್ತಾರೆ, ತವರದ ಪುಡಿಯಿಂದ ಲಾಜವರ ಮಾಡಿ ಬೆಳ್ಳಿಯಂತೆ ಹೊಳೆಸುತ್ತಾರೆ. ನಮ್ಮ ಕಲಾಶಾಲೆಗಳಲ್ಲಿ ಇದು ಕಡಿಮೆಯೆಂದರೂ ಮೂರು ವಿಭಾಗಗಳ ಕೆಲಸ. ಹುಣಸೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ: ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ರೇಖೆ ಹಾಕಲು ಬಳಸುತ್ತಿದ್ದ ಇದ್ದಿಲ ಕಡ್ಡಿಯೂ ಹುಣಸೆಯ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿದ್ದು. ಹಲವು ಮಾಧ್ಯಮಗಳಲ್ಲಿ ನುರಿತ ಕಲಾವಿದನೆಂದು ಯಾರಿಗಾದರೂ ಪ್ರಶಸ್ತಿ ಕೊಡುವುದಿದ್ದರೆ ಹುಣಸೆ ಮರಕ್ಕೆ ಕೊಡಬೇಕು.

ತೊಗಲಿನ ಬೆಳ್ಳಕ್ಕಿಯ ಕಥೆ ಚಿಕ್ಕದು, ಏಕೆಂದರೆ ಅದರಲ್ಲಿ ನಾನು ಗೆದ್ದಿಲ್ಲ. ತೊಗಲುಗೊಂಬೆಯಾಟದಲ್ಲಿ ಬಿಳಿಯೆಂದರೆ ದೀಪ. ಆಡಿನ ತೊಗಲನ್ನು ನೆನೆಸಿ, ಕೂದಲು ಹೆರೆದು, ಬಿಗಿದು ಒಣಗಿಸಿದರೆ ಅದು ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಬಣ್ಣ ಹಾಕಿದ ಕಡೆ ಬೆಳಕು ಬಣ್ಣವಾಗಿ ಬರುತ್ತದೆ, ಸಣ್ಣ ಸಣ್ಣ ರಂಧ್ರ ಕೊರೆದ ಕಡೆ ಬರಿಯ ಬೆಳಕು. ಸರ, ಕಿರೀಟ, ಸೀರೆಯ ಅಂಚು ಎಲ್ಲವೂ ಆ ಚುಕ್ಕಿಗಳಿಂದಲೇ. ನಾನು ಬೆಳ್ಳಕ್ಕಿಯ ರೆಕ್ಕೆಯ ತುಂಬ ರಂಧ್ರಗಳನ್ನು ಕೊರೆದೆ. ಕೋಣೆಯ ಎಲ್‌ಇಡಿ ಬಲ್ಬಿನ ಮುಂದೆ ಹಿಡಿದಾಗ ಅದು ಹಿಟ್ಟಿನ ಜರಡಿಯಂತೆ ಕಂಡಿತು. ಕರೆಂಟು ಹೋದ ಒಂದು ರಾತ್ರಿ ಎಣ್ಣೆಯ ದೀಪದ ಮುಂದೆ ಹಿಡಿದಾಗ ಮಾತ್ರ, ಜ್ವಾಲೆ ಅಲುಗಿದ್ದರಿಂದ, ರೆಕ್ಕೆ ಒಮ್ಮೆ ಕೊಡವಿಕೊಂಡಂತಾಯಿತು. ಚಿತ್ರದ ಅರ್ಧ ಕೆಲಸ ದೀಪದ್ದು, ಉಳಿದರ್ಧ ಗೊಂಬೆಯನ್ನು ಹಿಡಿದು, ಕುಣಿಸಿ, ಹಾಡಿ, ಮಾತಾಡುವವರದು. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಂಥವರ ಇಡೀ ಬದುಕು ಆ ಪರದೆಯ ಹಿಂದೆ ಕಳೆದಿದೆ. ನಾನು ಒಂದು ಹಕ್ಕಿಯನ್ನು ಕೊರೆದು ಮೊಳೆಗೆ ತೂಗುಹಾಕಿ ಅದನ್ನು ತೊಗಲುಗೊಂಬೆ ಎಂದು ಕರೆಯುವುದಿಲ್ಲ. ಮಳೆಗಾಲದಲ್ಲಿ ಅದು ಸೊಪ್ಪಾಗಿ ಜೋಲುತ್ತದೆ, ಬೇಸಿಗೆಯಲ್ಲಿ ಅಂಚು ಸುರುಟಿಕೊಳ್ಳುತ್ತದೆ. ಸತ್ತ ಮೇಲೂ ಅದು ಚರ್ಮವೇ.

ಬೇರೆಯವರ ಕೈಗೆ ಕೆಲಸವನ್ನು ಒಪ್ಪಿಸುವ ಯೋಚನೆ ಹುಟ್ಟಿದ್ದು ಅಲ್ಲಿಂದ. ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಅವರ ಕೆಲಸವನ್ನು ಈ ದೃಷ್ಟಿಯಿಂದ ನಾನು ಮತ್ತೆ ಮತ್ತೆ ನೋಡಿದ್ದೇನೆ. ತೈಲವರ್ಣ, ರೇಖಾಚಿತ್ರ, ತಾಮ್ರದ ತಗಡಿನ ಉಬ್ಬುಚಿತ್ರ ಇವೆಲ್ಲದರ ಜೊತೆಗೆ ನೇಕಾರ ಸುಬ್ಬರಾಯುಲು ಅವರೊಂದಿಗೆ ಸೇರಿ ರೇಷ್ಮೆಯ ನೇಯ್ಗೆಯ ಚಿತ್ರಗಳನ್ನೂ ಮಾಡಿದವರು ಅವರು. 1970ರಲ್ಲಿ ತೆರೆಕಂಡ 'ಸಂಸ್ಕಾರ' ಚಿತ್ರದ ಕಲಾನಿರ್ದೇಶನವೂ ಅವರದೇ. 1966ರಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ ಮದ್ರಾಸಿನ ಬಳಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದ ತರುಣರಲ್ಲಿ ಅವರೂ ಒಬ್ಬರು. ಆ ಕಲಾವಿದರು ಬಾಟಿಕ್ ಮುಂತಾದ ಕುಶಲ ವಸ್ತುಗಳನ್ನು ಮಾರಿದ ಹಣದಲ್ಲಿ ಊರು ಕಟ್ಟಿಕೊಂಡರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಬಾಟಿಕ್‌ನಲ್ಲಿ ಬಿಳಿಯನ್ನು ಉಳಿಸಿಕೊಳ್ಳುವುದು ಮೇಣ. ಬಟ್ಟೆಯನ್ನು ಬಣ್ಣದಲ್ಲಿ ಮುಳುಗಿಸುವ ಮೊದಲೇ ಬಿಳಿ ಬೇಕಾದ ಕಡೆ ಮೇಣ ಸವರಿ ಕಾಪಾಡಬೇಕು. ನಮ್ಮ ಮೇಷ್ಟ್ರು ಬಯ್ದದ್ದು ಈ ಬುದ್ಧಿ ನನಗಿಲ್ಲವೆಂದೇ.

ನೇಯ್ಗೆಯಲ್ಲಿ ಬಿಳಿಯನ್ನು ಬಿಡಲೂ ಬಾರದು, ಕೆರೆಯಲೂ ಬಾರದು, ಮೇಲೆ ಇಡಲೂ ಬಾರದು. ಅದು ನೂಲಾಗಿ ಮೊದಲ ದಿನವೇ ಮಗ್ಗದ ಬಳಿ ಇರಬೇಕು. ರೇಷ್ಮೆಯ ಹೊಳಪು ನನ್ನ ಕೆಸರಿನ ಹಕ್ಕಿಗೆ ಹೊಂದುವುದಿಲ್ಲ ಎನ್ನಿಸಿ, ಬಣ್ಣ ಹಾಕದ ಉಣ್ಣೆಯನ್ನು ಹುಡುಕಿಕೊಂಡು ಹೋದ ತಿಂಗಳು ಚಳ್ಳಕೆರೆಯ ಕಡೆಗೆ ಹೋದೆ. ಕುಣಿಮಗ್ಗದಲ್ಲಿ ಕಂಬಳಿ ನೇಯುವ ಹಿರಿಯರೊಬ್ಬರ ಮನೆಯ ಮುಂದೆ ಹಾಸನ್ನು ಉದ್ದಕ್ಕೆ ಚಾಚಿ ಗಂಜಿ ಸವರುತ್ತಿದ್ದರು. ಯಾವುದರ ಗಂಜಿ ಎಂದು ಕೇಳಿದೆ. ಹುಣಸೆ ಬೀಜದ್ದು.

ನನ್ನ ಮುದ್ರಣದ ಹಾಳೆಯನ್ನು ಬಿಚ್ಚಿ ತೋರಿಸಿದೆ. ಅವರು ಅದನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಗೇಣಿನಿಂದ ಅಡ್ಡಕ್ಕೆ ಉದ್ದಕ್ಕೆ ಅಳೆದರು. ಕಾಲುಗಳ ಬಗ್ಗೆ ಏನೂ ಹೇಳಲಿಲ್ಲ, ಕುತ್ತಿಗೆಯ ತಿರುವಿನ ಮೇಲೆ ಮಾತ್ರ ಬೆರಳಾಡಿಸಿ, ಅದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿದೆ. ಆಮೇಲೆ ಒಳಗಿನಿಂದ ಉಣ್ಣೆಯ ಉಂಡೆಗಳನ್ನು ತಂದು ನನ್ನ ಮುಂದಿಟ್ಟರು. ನಾನು ಬಿಳಿ ಎಂದುಕೊಂಡು ಹೋದದ್ದು ಅಲ್ಲಿ ಮೂರು ತರದ್ದಿತ್ತು: ಒಂದು ಹಳೆಯ ಹಾಲಿನ ಕೆನೆಯಂತೆ, ಒಂದು ಗೋಧಿಯ ಹೊಟ್ಟಿನಂತೆ, ಒಂದು ಬೂದಿ ಬೆರೆತದ್ದು. ಎಲ್ಲ ಸೇರಿದರೂ ನನ್ನ ಹಕ್ಕಿಯ ಅರ್ಧ ಮೈಗೂ ಸಾಲದು.

"ಬಿಳೇ ಕುರಿ ಕಮ್ಮಿ ಸ್ವಾಮಿ ನಮ್ ಕಡೆ. ಕರೇದು ಎಷ್ಟು ಬೇಕಾದ್ರೂ ಐತೆ" ಎಂದರು. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, "ಈ ಹಕ್ಕಿ ಕರೇದು ಇರಲ್ವಾ?" ಎಂದು ಕೇಳಿದರು.

ಬೆಳ್ಳಕ್ಕಿ ಕಪ್ಪಗಿರುವುದು ಹೇಗೆ ಎಂದು ನಗಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಅಘನಾಶಿನಿಯ ಅಳಿವೆಯಲ್ಲಿ, ಇಳಿತದ ಹೊತ್ತಿನಲ್ಲಿ, ಬಿಳಿಯ ಹಕ್ಕಿಗಳ ಸಾಲಿನಿಂದ ತುಸು ದೂರದಲ್ಲಿ, ಕಲ್ಲುಗುಂಡೊಂದರ ಮೇಲೆ ಒಮ್ಮೊಮ್ಮೆ ಒಂಟಿಯಾಗಿ ನಿಂತಿರುತ್ತದೆ ಅದು. ಕರಾವಳಿಯ ಬೆಳ್ಳಕ್ಕಿಯ ಜಾತಿಯೊಂದರಲ್ಲಿ ಕೆಲವು ಹಕ್ಕಿಗಳು ಅಪ್ಪಟ ಬಿಳಿ, ಕೆಲವು ಸ್ಲೇಟಿನ ಬಣ್ಣ. ಅದೇ ಕುತ್ತಿಗೆ, ಅದೇ ನಿಲುವು, ಅದೇ ಹಳದಿಯ ಪಾದ. ಗಂಟಲಿನ ಕೆಳಗೆ ಮಾತ್ರ ಯಾರೋ ಹಿಟ್ಟಿನ ಬೆರಳೊತ್ತಿದಷ್ಟು ಬಿಳಿ. ಇಷ್ಟು ವರ್ಷ ಅದನ್ನು ನೋಡುತ್ತಲೇ ಇದ್ದೆ, ಒಮ್ಮೆಯೂ ಬರೆದಿರಲಿಲ್ಲ.

"ಇರುತ್ತೆ" ಎಂದೆ. "ಗಂಟಲ ಹತ್ತಿರ ಒಂದು ಚೂರು ಬಿಳಿ ಬೇಕಾಗುತ್ತೆ."

ಅವರು ಕೆನೆಬಣ್ಣದ ಉಂಡೆಯೊಂದನ್ನು ಬದಿಗೆ ತೆಗೆದಿಟ್ಟು, ಉಳಿದವನ್ನು ಒಳಗೆ ತೆಗೆದುಕೊಂಡು ಹೋದರು.